ರಕ್ತ ಕಂಡರೆ ಆಗದವರು ಆಸ್ಪತ್ರೆಯ ಕೆಲಸಕ್ಕೆ ಸೇರಬಹುದೇ?



ಪಿಯುಸಿ ಫಲಿತಾಂಶ ಬಂದು, ಸಿಇಟಿ, ನೀಟ್ ರ‍್ಯಾಂಕುಗಳು ಗೊತ್ತಾಗಿ, ಆಪ್ಷನ್ ಎಂಟ್ರಿ ಮಾಡಲು ಮನೆಮಂದಿಯೆಲ್ಲ ಕಂಪ್ಯೂಟರ್ ಮುಂದೆ ಕೂರುವ ಕಾಲ ಬಂದರೆ ನನಗೆ ಫೋನುಗಳು ಶುರುವಾಗುತ್ತವೆ. ನರ್ಸಿಂಗ್ ಬೋಧಕಿಯಾಗಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಕಾಲೇಜು ಯಾವುದು ಒಳ್ಳೆಯದು, ಫೀಸು ಎಷ್ಟು, ಹಾಸ್ಟೆಲ್ಲಿನಲ್ಲಿ ಊಟ ಹೇಗೆ ಎಂಬ ಮಾತೆಲ್ಲ ಮುಗಿದ ಮೇಲೆ ತಾಯಿ ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಾರೆ. "ಸಿಸ್ಟರ್, ನಮ್ಮ ಹುಡುಗಿಗೆ ರಕ್ತ ಕಂಡ್ರೆ ಆಗಲ್ಲ. ಯಾರಾದ್ರೂ ವಾಂತಿ ಮಾಡಿದ್ರೆ ಇವಳಿಗೂ ಬರುತ್ತೆ. ಇವಳ ಕೈಲಿ ಈ ಕೆಲಸ ಆಗುತ್ತಾ?" ಹುಡುಗನಾದರೆ ಮನೆಯವರು ಈ ಪ್ರಶ್ನೆಯನ್ನೇ ಎತ್ತುವುದಿಲ್ಲ. ಎರಡು ದಿನ ಬಿಟ್ಟು, ಪಕ್ಕದಲ್ಲಿ ಯಾರೂ ಇಲ್ಲದಾಗ, ಅವನೇ ಫೋನ್ ಮಾಡುತ್ತಾನೆ.

ಅವರೆಲ್ಲರಿಗೂ ನಾನು ಹೇಳುವುದು ಇದು. ಬಹಳ ಮಂದಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಲು ಬರುವುದಿಲ್ಲ. ಮನೆಯಲ್ಲಿ ಕಾಣುವ ರಕ್ತ ಬೇರೆ, ವಾರ್ಡಿನಲ್ಲಿ ಕಾಣುವ ರಕ್ತ ಬೇರೆ. ಮನೆಯಲ್ಲಿ ತಮ್ಮನ ಮಂಡಿ ಒಡೆದಾಗ ನೀವು ನೋಡುತ್ತ ನಿಂತಿರುತ್ತೀರಿ. ವಾರ್ಡಿನಲ್ಲಿ ನಿಮ್ಮ ಕೈಯಲ್ಲಿ ಒಂದು ಕೆಲಸ ಇರುತ್ತದೆ. ಸುಮ್ಮನೆ ನೋಡುವವರಿಗೆ ಆಗುವ ಸಂಕಟ ಮಾಡುವವರಿಗೆ ಅಷ್ಟು ಆಗುವುದಿಲ್ಲ ಎನ್ನುವುದನ್ನು ನಾನು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ.

ಇನ್ನೊಂದು ವಿಷಯ. "ನನಗೆ ಆಗಲ್ಲ" ಎಂದು ಮಕ್ಕಳು ಹೇಳುವಾಗ ಎರಡು ಬೇರೆ ಬೇರೆ ತೊಂದರೆಗಳನ್ನು ಸೇರಿಸಿ ಹೇಳುತ್ತಾರೆ. ಒಂದು, ರಕ್ತ ಅಥವಾ ಸೂಜಿ ಕಂಡ ಕೂಡಲೇ ತಲೆ ಸುತ್ತಿ ಬೀಳುವುದು. ಇನ್ನೊಂದು, ಹೇಸಿಗೆ: ಕೀವು, ಕಫ, ಮಲ, ವಾಂತಿ ಕಂಡಾಗ ಹೊಟ್ಟೆ ತೊಳಸಿ ಓಕರಿಕೆ ಬರುವುದು. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಕೆಲವರಿಗೆ ಎರಡೂ ಇರುತ್ತವೆ. ಆದರೆ ರಕ್ತದ ಮಡುವಿನ ಪಕ್ಕದಲ್ಲಿ ಅಲುಗಾಡದೆ ನಿಲ್ಲುವವರು ಒಂದು ಉಂಡೆ ಕಫ ನೋಡಲಾರದೆ ಹೊರಗೆ ಓಡುವುದನ್ನೂ ಕಂಡಿದ್ದೇನೆ.

ಬೀಳುವವರ ಮಾತು ಮೊದಲು ಆಡುತ್ತೇನೆ, ಏಕೆಂದರೆ ಹೆಚ್ಚು ಭಯಪಡುವವರು ಅವರೇ, ಸುಲಭವಾಗಿ ಪರಿಹಾರ ಸಿಗುವುದೂ ಅವರಿಗೇ. ಸಾಮಾನ್ಯವಾಗಿ ಹೆದರಿದಾಗ ನಮ್ಮ ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಯಾರೂ ಮೂರ್ಛೆ ಹೋಗುವುದಿಲ್ಲ, ಓಡುತ್ತಾರೆ. ರಕ್ತದ ಭಯದಲ್ಲಿ ಮಾತ್ರ ಮೊದಲು ಒತ್ತಡ ಸ್ವಲ್ಪ ಏರಿ, ಆಮೇಲೆ ಥಟ್ಟನೆ ಇಳಿದುಬಿಡುತ್ತದೆ. ಬಡಿತವೂ ನಿಧಾನವಾಗುತ್ತದೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕಣ್ಣು ಮಂಜಾಗುತ್ತದೆ, ಕಿವಿ ಗುಂಯ್ ಎನ್ನುತ್ತದೆ, ಹಣೆಯಲ್ಲಿ ತಣ್ಣನೆ ಬೆವರು, ಆಕಳಿಕೆ, ಆಮೇಲೆ ನೆಲ. ಇದು ಹೇಡಿತನ ಅಲ್ಲ. ಶರೀರದ ಒಂದು ಪ್ರತಿವರ್ತನೆ. ಅನೇಕ ಮನೆಗಳಲ್ಲಿ ತಂದೆಗೋ ತಾಯಿಗೋ ಇದ್ದದ್ದು ಮಕ್ಕಳಿಗೂ ಬಂದಿರುತ್ತದೆ.

ಇಂಥವರಿಗೆ ನಾವೆಲ್ಲ ಒಂದು ತಪ್ಪು ಸಲಹೆ ಕೊಡುತ್ತೇವೆ. "ಗಾಬರಿ ಆಗಬೇಡ, ಉಸಿರು ಎಳೆದುಕೊ, ಮೈ ಸಡಿಲ ಬಿಡು" ಎನ್ನುತ್ತೇವೆ. ಒತ್ತಡ ಇಳಿಯುತ್ತಿರುವ ಮೈಯನ್ನು ಇನ್ನಷ್ಟು ಸಡಿಲ ಬಿಟ್ಟರೆ ಬೀಳುವುದು ಇನ್ನೂ ಬೇಗ ಆಗುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ತಮ್ಮ ಸಹೋದ್ಯೋಗಿಯ ಜೊತೆ 1987ರಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ವಿಧಾನವನ್ನು ಪ್ರಕಟಿಸಿದರು. ಮೈಯನ್ನು ಬಿಗಿ ಮಾಡುವ ಅಭ್ಯಾಸ ಅದು. ಕುರ್ಚಿಯಲ್ಲಿ ಕೂತು ತೋಳು, ಕಾಲು, ಹೊಟ್ಟೆ, ಎದೆಯ ಸ್ನಾಯುಗಳನ್ನೆಲ್ಲ ಒಟ್ಟಿಗೆ ಬಿಗಿ ಹಿಡಿಯಬೇಕು. ಮುಖ ಬೆಚ್ಚಗಾಗುವವರೆಗೆ, ಅಂದರೆ 10ರಿಂದ 15 ಸೆಕೆಂಡು ಹಾಗೇ ಇರಬೇಕು. ಆಮೇಲೆ ಬಿಗಿ ಬಿಟ್ಟು ಮೊದಲಿದ್ದ ಸ್ಥಿತಿಗೆ ಬರಬೇಕು. ಪೂರ್ತಿ ಸಡಿಲಿಸಿ ಒರಗಬಾರದು. 20ರಿಂದ 30 ಸೆಕೆಂಡು ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸಲ. ದಿನಕ್ಕೆ ಕೆಲವು ಬಾರಿ, ಕೆಲವು ವಾರ ಇದನ್ನು ಮಾಡಿ, ಆಮೇಲೆ ಮೊದಲು ಚಿತ್ರದಲ್ಲಿ, ನಂತರ ಎದುರಲ್ಲಿ ರಕ್ತ ನೋಡುವಾಗಲೂ ಇದನ್ನೇ ಮಾಡಬೇಕು. ಔಷಧ ಬೇಡ, ಖರ್ಚಿಲ್ಲ. ತಲೆ ಸುತ್ತುವ ಮುನ್ಸೂಚನೆ ಸಿಕ್ಕಿದ ತಕ್ಷಣ ತೊಡೆ, ಮೀನಖಂಡ ಬಿಗಿ ಹಿಡಿಯುವುದನ್ನು ಕಲಿತ ವಿದ್ಯಾರ್ಥಿನಿಯರು ಮುಂದೆ ಆಪರೇಷನ್ ಥಿಯೇಟರಿನಲ್ಲೇ ಕೆಲಸ ಮಾಡಿದ್ದನ್ನು ನಾನು ನೋಡಿದ್ದೇನೆ.

ಮೊದಲ ಸಲ ಥಿಯೇಟರಿಗೆ ಹೋಗುವ ಮಕ್ಕಳಿಗೆ ಇನ್ನೂ ಒಂದೆರಡು ಮಾತು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. "ತಿಂದರೆ ವಾಂತಿ ಆಗುತ್ತೆ" ಎಂದು ತಿಂಡಿ ಬಿಟ್ಟು ಬರುವವರೇ ಮೊದಲು ಬೀಳುವುದು. ಸಾಕಷ್ಟು ನೀರು ಕುಡಿಯಿರಿ. ಮಂಡಿಯನ್ನು ಸೆಟೆದು ಗಂಟೆಗಟ್ಟಲೆ ನಿಲ್ಲಬೇಡಿ, ಕಾಲು ಆಡಿಸುತ್ತಿರಿ. ಕಣ್ಣು ಮಂಜಾದರೆ ನಾಚಿಕೆ ಬಿಟ್ಟು ಹೇಳಿ, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಡಿ. ಕೂತವರನ್ನು ಯಾರೂ ಬೈಯುವುದಿಲ್ಲ. ಹೇಳದೆ ನಿಂತು ರೋಗಿಯ ಮೇಲೆ ಬಿದ್ದರೆ ಮಾತ್ರ ಎಲ್ಲರಿಗೂ ಕಷ್ಟ. ಆದರೆ ರಕ್ತದ ನೆಪವೇ ಇಲ್ಲದೆ, ಓಡುವಾಗ ಅಥವಾ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಬೀಳುವವರು ವೈದ್ಯರ ಬಳಿ ಹೃದಯ ಪರೀಕ್ಷೆ ಮಾಡಿಸಲೇಬೇಕು. ಅದು ಬೇರೆ ಕಥೆ.

ರಕ್ತದ ಭಯ ಎಷ್ಟು ದೊಡ್ಡವರಿಗೂ ಇತ್ತು ಎನ್ನುವುದಕ್ಕೆ ಚಾರ್ಲ್ಸ್ ಡಾರ್ವಿನ್ ಉದಾಹರಣೆ. ಅವರು ಮೊದಲು ಓದಲು ಹೋದದ್ದು ವೈದ್ಯಕೀಯ. 1825ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. ಕ್ಲೋರೋಫಾರ್ಮ್ ಬಳಕೆಗೆ ಬಂದದ್ದು 1847ರಲ್ಲಿ. ಅದಕ್ಕೆ ಮೊದಲು ರೋಗಿಗೆ ಪ್ರಜ್ಞೆ ಇರುವಾಗಲೇ ಕೊಯ್ಯುತ್ತಿದ್ದರು. ಡಾರ್ವಿನ್ ಎರಡು ಶಸ್ತ್ರಚಿಕಿತ್ಸೆಗಳಿಗೆ ಹೋದರು, ಅದರಲ್ಲಿ ಒಂದು ಮಗುವಿನದು. ಮುಗಿಯುವ ಮೊದಲೇ ಹೊರಗೆ ಓಡಿಬಂದರು. ಮತ್ತೆಂದೂ ಆ ಕಡೆ ಹೋಗಲಿಲ್ಲ, 1827ರಲ್ಲಿ ಎಡಿನ್‌ಬರೋ ಬಿಟ್ಟೇಬಿಟ್ಟರು. ಅವರ ತಂದೆ ರಾಬರ್ಟ್ ಡಾರ್ವಿನ್ ಶ್ರೂಸ್‌ಬರಿಯಲ್ಲಿ ಹೆಸರಾದ ವೈದ್ಯರು. ರಕ್ತ ಕಂಡರೆ ಅವರಿಗೂ ಆಗುತ್ತಿರಲಿಲ್ಲ. ಆ ದಿಗಿಲು ತಂದೆಯಿಂದಲೇ ತನಗೆ ಬಂತೆಂದು ಮಗ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹಾಗಿದ್ದೂ ತಂದೆ ಬದುಕಿಡೀ ವೈದ್ಯರಾಗಿಯೇ ಇದ್ದರು. ರೋಗಿಗಳ ಮಾತು ಕೇಳಿಸಿಕೊಳ್ಳುವುದರಲ್ಲಿ, ಅವರ ಮನಸ್ಸು ಅರಿಯುವುದರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಒಂದೇ ಮನೆಯ ಒಂದೇ ಭಯ. ತಂದೆ ಉಳಿದರು, ಮಗ ಬಿಟ್ಟರು. ಇಬ್ಬರದ್ದೂ ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಮುಂದೆ 1872ರಲ್ಲಿ, ಮನುಷ್ಯರೂ ಪ್ರಾಣಿಗಳೂ ಭಾವನೆಗಳನ್ನು ಹೇಗೆ ತೋರಿಸುತ್ತಾರೆ ಎಂಬ ಪುಸ್ತಕ ಬರೆದಾಗ, ಹೇಸಿಗೆಯಾದಾಗ ಮುಖ ಹೇಗಾಗುತ್ತದೆ ಎಂಬುದನ್ನು ವಿವರವಾಗಿ ದಾಖಲಿಸಿದವರೂ ಇದೇ ಡಾರ್ವಿನ್.

ಈಗ ಆ ಹೇಸಿಗೆಯ ವಿಷಯಕ್ಕೆ ಬರುತ್ತೇನೆ. ಇದು ಹೆಚ್ಚು ಕಷ್ಟದ್ದು. ಎರಡು ವರ್ಷದೊಳಗಿನ ಮಗುವಿಗೆ ಹೇಸಿಗೆ ಗೊತ್ತಿಲ್ಲ. ತೊಟ್ಟಿಲಲ್ಲಿ ತಾನೇ ಮಾಡಿಕೊಂಡದ್ದನ್ನು ಕೈಯಲ್ಲಿ ಬಳಿದುಕೊಂಡು ಆಡುತ್ತದೆ. "ಛೀ, ಕಕ್ಕ, ಮುಟ್ಟಬೇಡ" ಎಂದು ನಾವು ಹೇಳಿಕೊಟ್ಟು, ಮುಖ ಕಿವುಚಿ ತೋರಿಸಿ, ಅದು ಕಲಿಯುತ್ತದೆ. ಕಲಿಯಲೇಬೇಕು. ರೋಗ ಹರಡುವ ಪದಾರ್ಥಗಳಿಂದ ನಮ್ಮನ್ನು ದೂರ ಇಡುವುದು ಈ ಹೇಸಿಗೆಯೇ. ಹಾಗೆ ಕಲಿತದ್ದನ್ನು ಸ್ವಲ್ಪಮಟ್ಟಿಗೆ ಮರೆಯಲೂ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಶವಚ್ಛೇದನ ಕಲಿಯುತ್ತಿದ್ದ ವೈದ್ಯ ವಿದ್ಯಾರ್ಥಿಗಳನ್ನು ಗಮನಿಸಿ 2008ರಲ್ಲಿ ಬರೆದ ಪ್ರಬಂಧ ಒಂದಿದೆ. ಕೆಲವು ತಿಂಗಳು ಶವದ ಜೊತೆ ಕೆಲಸ ಮಾಡಿದ ಮೇಲೆ ತಣ್ಣನೆಯ ಶವದ ಬಗ್ಗೆ ಅವರಿಗಿದ್ದ ಹೇಸಿಗೆ ಕಡಿಮೆಯಾಗಿತ್ತು. ಮಿಕ್ಕ ವಿಷಯಗಳ ಹೇಸಿಗೆ ಹಾಗೆಯೇ ಇತ್ತು. ಅಂದರೆ ಯಾವುದರ ಜೊತೆ ಕೆಲಸ ಮಾಡುತ್ತೇವೋ ಅದಕ್ಕೆ ಮಾತ್ರ ಮನಸ್ಸು ಒಗ್ಗುತ್ತದೆ. ಶವ ಕೊಯ್ದು ಕಲಿತೆ, ಇನ್ನು ನನಗೆ ಏನೂ ಆಗದು ಎಂದುಕೊಂಡ ಹುಡುಗ ಹೆರಿಗೆ ವಾರ್ಡಿನಲ್ಲಿ ಕಂಗಾಲಾಗುವುದು ಇದಕ್ಕೇ.

ಆಸ್ಟ್ರೇಲಿಯಾದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಇನ್ನೊಂದು ಸಣ್ಣ ಅಧ್ಯಯನ ನನಗೆ ತುಂಬ ಇಷ್ಟ. ತಾಯಂದಿರಿಗೆ ತಮ್ಮ ಮಗುವಿನ ಕೊಳೆ ಡೈಪರ್, ಬೇರೆಯವರ ಮಗುವಿನ ಕೊಳೆ ಡೈಪರ್ ಎರಡನ್ನೂ ಮೂಸಿಸಿದರು. ತಮ್ಮ ಮಗುವಿನದು ಅಷ್ಟು ಹೇಸಿಗೆಯಲ್ಲ ಎಂದರು ತಾಯಂದಿರು. ಯಾವುದು ಯಾರದೆಂದು ಹೇಳದಿದ್ದಾಗಲೂ ಹಾಗೇ ಅಂದರು. ನಮ್ಮ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡ ಸೊಸೆಯಂದಿರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೂ ಮೊದಲ ವಾರ ಊಟ ಸೇರಿರಲಿಲ್ಲ. ನಮ್ಮವರು ಅನ್ನಿಸಿದಷ್ಟೂ ಹೇಸಿಗೆ ಹಿಂದೆ ಸರಿಯುತ್ತದೆ. ನರ್ಸಿಂಗ್ ಶಿಕ್ಷಣದಲ್ಲಿ ನಾವು ಮಾಡಬೇಕಾದದ್ದು ಇಷ್ಟೇ: ಅಪರಿಚಿತರೊಬ್ಬರನ್ನು ಹತ್ತು ನಿಮಿಷದೊಳಗೆ ನಮ್ಮವರೆಂದು ಕಾಣುವುದು ಹೇಗೆಂದು ಕಲಿಸುವುದು.

ಒಂದು ದೃಶ್ಯ ಹೇಳುತ್ತೇನೆ. ಜನರಲ್ ವಾರ್ಡು. ಪಾರ್ಶ್ವವಾಯು ಹೊಡೆದು ಒಂದು ಮಗ್ಗುಲು ಬಿದ್ದುಹೋದ ಅಜ್ಜಿ. ರಾತ್ರಿಯಿಂದ ಭೇದಿ. ಮೊದಲ ವರ್ಷದ ಹುಡುಗಿ, ಜೊತೆಗೆ ಹಳೆಯ ಸಿಸ್ಟರ್ ಒಬ್ಬರು. ಮೊದಲು ಹಾಸಿಗೆಯ ಸುತ್ತ ಪರದೆ ಎಳೆಯುತ್ತಾರೆ. ಬೇಕಾದದ್ದೆಲ್ಲ ಮುಂಚೆಯೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು: ಬೇಸಿನ್ನಿನಲ್ಲಿ ಬೆಚ್ಚನೆ ನೀರು, ಸೋಪು, ಹತ್ತಿ, ಒರೆಸುವ ಬಟ್ಟೆ, ಗ್ಲೌಸು, ಒಗೆದ ಬೆಡ್‌ಶೀಟು, ಅದರ ಕೆಳಗೆ ಹಾಸುವ ಮ್ಯಾಕಿಂಟಾಷ್ ಎಂಬ ರಬ್ಬರ್ ಶೀಟು. ಅರ್ಧಕ್ಕೆ ಬಿಟ್ಟು ಏನನ್ನೋ ತರಲು ಓಡಬಾರದು. ಅಜ್ಜಿಯನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಕೊಳೆಯಾದ ಶೀಟನ್ನು ಉದ್ದಕ್ಕೆ ಸುರುಳಿ ಮಾಡಿ ಬೆನ್ನ ಹಿಂದೆ ಸೇರಿಸುತ್ತಾರೆ. ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮೂತ್ರನಾಳಕ್ಕೆ ಸೋಂಕು. ತೊಳೆದು, ಒರೆಸಿ, ಹೊಸ ಶೀಟಿನ ಅರ್ಧ ಹಾಸಿ, ಆಮೇಲೆ ಇನ್ನೊಂದು ಮಗ್ಗುಲು.

ಹುಡುಗಿಯ ಮುಖ ಬಿಳಿಚಿಕೊಂಡಿದೆ. ಸಿಸ್ಟರ್ ಅವಳಿಗೆ ಧೈರ್ಯ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ. "ಬಣ್ಣ ಏನಿದೆ ನೋಡು. ಟಾರಿನ ಹಾಗೆ ಕಪ್ಪಗಿದೆಯಾ? ಹಾಗಿದ್ದರೆ ಹೊಟ್ಟೆಯಲ್ಲೆಲ್ಲೋ ರಕ್ತ ಹೋಗ್ತಿರಬಹುದು. ಗಂಜಿ ತಿಳಿಯ ಹಾಗಿದೆಯಾ? ಕಾಲರಾ ಯೋಚನೆ ಮಾಡಬೇಕು. ಸುಣ್ಣದ ಬಣ್ಣವಾ? ಪಿತ್ತ ಇಳೀತಿಲ್ಲ. ಸೊಂಟದ ಕೆಳಗೆ ಚರ್ಮ ಕೆಂಪಾಗಿದೆಯಾ ನೋಡು, ಅಲ್ಲೇ ಹಾಸಿಗೆ ಹುಣ್ಣು ಶುರುವಾಗೋದು." ಹುಡುಗಿ ಬಗ್ಗಿ ನೋಡುತ್ತಾಳೆ. ಉತ್ತರ ಹುಡುಕಲು ಹೊರಟ ಕ್ಷಣವೇ ಅವಳ ಮೂಗು ಸುಮ್ಮನಾಗುತ್ತದೆ. ಇದನ್ನು ನಾನು ಎಷ್ಟು ಸಲ ಕಂಡರೂ ನನಗೆ ಆಶ್ಚರ್ಯವೇ. ಕೊಳೆ ಎನಿಸಿದ್ದು ಸುದ್ದಿಯಾಗಿಬಿಡುತ್ತದೆ. ಅಜ್ಜಿ ಅಷ್ಟು ಹೊತ್ತೂ ಕಣ್ಣು ಮುಚ್ಚಿ ಮುಖ ಗೋಡೆಯ ಕಡೆ ತಿರುಗಿಸಿದ್ದರು. "ನಿನ್ನ ಕೈಲಿ ಇದನ್ನೆಲ್ಲ ಮಾಡಿಸ್ಕೋಬೇಕಾಯ್ತಲ್ಲ ತಾಯಿ" ಎನ್ನುತ್ತಾರೆ. "ಇರಲಿ ಬಿಡಿ ಅಜ್ಜಿ, ನಿಮ್ಮೂರ ಕಡೆ ಮಳೆ ಆಯ್ತಾ?" ಎನ್ನುತ್ತಾಳೆ ಹುಡುಗಿ. ಆ ಪ್ರಶ್ನೆ ಯಾವ ಪಠ್ಯದಲ್ಲೂ ಇಲ್ಲ.

ನಮ್ಮ ಹೇಸಿಗೆಯ ಬಗ್ಗೆ ಇಷ್ಟು ಮಾತಾಡುತ್ತೇವೆ, ರೋಗಿಯ ನಾಚಿಕೆಯ ಬಗ್ಗೆ ಮಾತಾಡುವವರು ಕಡಿಮೆ. ಬದುಕಿಡೀ ತನ್ನ ಮೈಯನ್ನು ಮುಚ್ಚಿಕೊಂಡು ಬಂದ ಹೆಂಗಸು, ನಾಲ್ಕು ಜನಕ್ಕೆ ಬುದ್ಧಿ ಹೇಳಿ ಬಾಳಿದ ಯಜಮಾನರು, ಇಂದು ಗುರುತಿಲ್ಲದ ಹುಡುಗಿಯೊಬ್ಬಳ ಎದುರು ಬೆತ್ತಲೆ ಮಲಗಿರುತ್ತಾರೆ. ಅವರ ಕಣ್ಣು ನಿಮ್ಮ ಮುಖವನ್ನೇ ಓದುತ್ತಿರುತ್ತದೆ. ನಿಮ್ಮ ಮೂಗು ಸ್ವಲ್ಪ ಸೊಟ್ಟಗಾದರೂ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಪದೇ ಪದೇ ಕರೆಯಬಾರದೆಂದು. ಹಾಗಾಗಿ ಓಕರಿಕೆ ಬಂದರೆ ಏನು ಮಾಡಬೇಕೆಂದು ಮೊದಲೇ ಗೊತ್ತಿರಬೇಕು. ಬಾಯಿಂದ ಉಸಿರಾಡಿ. ಮಾಸ್ಕಿನ ಹೊರಬದಿಗೆ ಒಂದು ತೊಟ್ಟು ನೀಲಗಿರಿ ಎಣ್ಣೆ ಹಚ್ಚಿಕೊಳ್ಳಿ. ತಡೆಯಲಾಗದಿದ್ದರೆ "ಬಿಸಿನೀರು ತರ್ತೀನಿ, ಒಂದು ನಿಮಿಷ" ಎಂದು ಹೇಳಿ, ಮೈಮೇಲೆ ಹೊದಿಕೆ ಎಳೆದು, ಹೊರಗೆ ಹೋಗಿ ಉಸಿರು ತೆಗೆದುಕೊಂಡು ಬನ್ನಿ. ವಾಪಸು ಬರುವುದು ಮುಖ್ಯ.

ವಾಸನೆಗೂ ಮದ್ದಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಬಾಯಿ ಕ್ಯಾನ್ಸರಿನಲ್ಲಿ, ಸ್ತನ ಕ್ಯಾನ್ಸರಿನಲ್ಲಿ ಹುಣ್ಣು ಕೊಳೆತಾಗ ಬರುವ ವಾಸನೆಗೆ ಮನೆಯವರೇ ಕೋಣೆಗೆ ಬರಲು ಹಿಂಜರಿಯುತ್ತಾರೆ. ಆ ವಾಸನೆ ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳದ್ದು. ಉಪಶಮನ ಆರೈಕೆಯಲ್ಲಿ ಕೆಲಸ ಮಾಡುವ ನರ್ಸುಗಳು ಮೆಟ್ರೋನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ ಡ್ರೆಸ್ಸಿಂಗ್ ಮಾಡುತ್ತಾರೆ. ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತದೆ, ಮೊಮ್ಮಕ್ಕಳು ಮತ್ತೆ ಹಾಸಿಗೆ ಪಕ್ಕಕ್ಕೆ ಬರುತ್ತಾರೆ. ಹೇಸಿಗೆಯನ್ನು ಸಹಿಸುವುದಷ್ಟೇ ನಮ್ಮ ಕೆಲಸವಲ್ಲ, ಅದನ್ನು ಕಡಿಮೆ ಮಾಡುವುದೂ ನಮ್ಮ ಕೆಲಸ.

ಕಫದ ವಿಷಯ ಹೇಳದೆ ಮುಂದೆ ಹೋಗಲಾರೆ. ಬಹಳ ಮಂದಿ ಕಫಕ್ಕೆ ಹೇಸುತ್ತಾರೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಕೆಲಸ ಇಡೀ ಜಗತ್ತಿಗೆ ಗೊತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದು: ಕ್ಷಯದ ಲಕ್ಷಣ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ ಎಂಬ ಮಾತು ಸುಳ್ಳಾಯಿತು. ಅವರು ಬಂದರು, ಕೆಮ್ಮಿದರು; ಕೆಮ್ಮಿನ ಔಷಧದ ಬಾಟಲಿ ಹಿಡಿದು ವಾಪಸು ಹೋದರು. ಅವರ ಕಫವನ್ನು ಯಾರೂ ನೋಡಿರಲಿಲ್ಲ. ಲ್ಯಾಬ್ ಟೆಕ್ನೀಶಿಯನ್ ಡಬ್ಬಿಯ ಮುಚ್ಚಳ ತೆಗೆದು, ಇದು ಬರೀ ಎಂಜಲೋ ಎದೆಯಾಳದಿಂದ ಬಂದ ಕಫವೋ ಎಂದು ನೋಡಿ, ಹಳದಿಯಾಗಿ ಗಟ್ಟಿಯಿರುವ ಭಾಗವನ್ನೇ ಕಡ್ಡಿಯಲ್ಲಿ ಆರಿಸಿ, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಾಣುತ್ತವೆ. ಒಂದು ಮನೆಯ ಮಕ್ಕಳೆಲ್ಲ ಉಳಿಯುವುದು ಆ ನೋಟದಿಂದ. ಆ ಡಬ್ಬಿಯನ್ನು ರೋಗಿಯ ಮನೆಯಿಂದ ತರುವಲ್ಲಿ ಇವತ್ತು ನಮ್ಮ ಆಶಾ ಕಾರ್ಯಕರ್ತೆಯರ ಶ್ರಮವೂ ಇದೆ. ಅವರಿಗೆ ಈ ಹೇಸಿಗೆಯ ಬಗ್ಗೆ ಯಾವ ತರಬೇತಿ ಕೊಟ್ಟಿದ್ದೇವೆ ಎಂದು ನಾವು ಕೇಳಿಕೊಳ್ಳಬೇಕು.

ಇಲ್ಲಿಯೇ ಇನ್ನೊಂದು ಮಾತು, ಸ್ವಲ್ಪ ಕಟುವಾದರೂ. "ನನಗೆ ಹೇಸಿಗೆ" ಎಂದು ಹೇಳುವ ಅವಕಾಶ ನಮ್ಮ ಸಮಾಜದಲ್ಲಿ ಎಲ್ಲರಿಗೂ ಸಿಕ್ಕಿಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸುವವರೆಗೆ, ಕೆಲವು ಜಾತಿಗಳಲ್ಲಿ ಹುಟ್ಟಿದವರನ್ನು ಆ ಕೆಲಸ ನಿಮ್ಮ ಕೈಲಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಇಂದಿಗೂ ಆಸ್ಪತ್ರೆಯಲ್ಲಿ ಬೆಡ್‌ಪ್ಯಾನು ಎತ್ತುವ ಆಯಾ, ನೆಲದ ರಕ್ತ ಒರೆಸುವ ಗ್ರೂಪ್ ಡಿ ನೌಕರ, ಕೆಂಪು ಹಳದಿ ಚೀಲಗಳಲ್ಲಿ ಕಸ ಸಾಗಿಸುವ ಗುತ್ತಿಗೆ ಕಾರ್ಮಿಕ ಇವರೇ ಅತಿ ಹೆಚ್ಚು ಮುಟ್ಟುವವರು, ಅತಿ ಕಡಿಮೆ ಸಂಬಳದವರು. ಡಾಕ್ಟರಾದರೆ ಕೊಳೆ ಮುಟ್ಟಬೇಕಿಲ್ಲ, ಆಯಾ ಇದ್ದಾಳೆ ಎಂದು ಯಾರಾದರೂ ಮಕ್ಕಳಿಗೆ ಸಮಾಧಾನ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಆ ಸಮಾಧಾನದ ಮೇಲೆ ಬೆಳೆದ ಡಾಕ್ಟರಾಗಲಿ ನರ್ಸಾಗಲಿ ನಮ್ಮ ಆಸ್ಪತ್ರೆಗಳಿಗೆ ಬೇಡ.

ಹೇಸಿಗೆ ಪೂರ್ತಿ ಹೋಗಿಬಿಡಬೇಕು ಎಂದೂ ನಾನು ಹೇಳುವುದಿಲ್ಲ. ಪೂರ್ತಿ ಹೋದವರು ಗ್ಲೌಸು ಮರೆಯುತ್ತಾರೆ, ಕೈ ತೊಳೆಯುವುದನ್ನು ಬಿಡುತ್ತಾರೆ. ಎಲ್ಲ ರೋಗಿಗಳ ರಕ್ತದಲ್ಲೂ ಸೋಂಕು ಇರಬಹುದೆಂದು ತಿಳಿದೇ ಕೆಲಸ ಮಾಡಬೇಕೆಂಬುದು ಎಚ್‌ಐವಿ ಬಂದ ಮೇಲೆ, 1980ರ ದಶಕದಲ್ಲಿ, ರೂಪುಗೊಂಡ ನಿಯಮ. ಸೇರಿದ ಮೊದಲ ತಿಂಗಳಲ್ಲೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ, ಆರು ತಿಂಗಳಲ್ಲಿ ಮೂರು ಡೋಸು ಮುಗಿಸಬೇಕು. ಭಯಕ್ಕೆ ಇಷ್ಟು ಜಾಗ ಕೊಟ್ಟರೆ ಸಾಕು.

ಇನ್ನು ಕೋರ್ಸುಗಳ ಮಾತು. ಎಂಬಿಬಿಎಸ್ ಸೇರುವವರು ತಿಳಿದಿರಬೇಕಾದದ್ದು: ಮುಂದೆ ಮನೋವೈದ್ಯರೋ ರೇಡಿಯಾಲಜಿಸ್ಟೋ ಆಗಿ ರಕ್ತದಿಂದ ದೂರ ಇರಬಹುದು, ನಿಜ. ಆದರೆ ಅಲ್ಲಿಗೆ ತಲುಪುವ ಮೊದಲು ಅಂಗರಚನಾ ಶಾಸ್ತ್ರದ ಕೋಣೆ, ತುರ್ತು ಚಿಕಿತ್ಸಾ ವಿಭಾಗ, ಕೊನೆಗೆ ಒಂದು ವರ್ಷದ ಇಂಟರ್ನ್‌ಶಿಪ್ ದಾಟಲೇಬೇಕು. ಹೆರಿಗೆ ಕೋಣೆಯಲ್ಲಿ ರಕ್ತ, ಗರ್ಭದ ನೀರು, ಮಲ, ಮೂತ್ರ ಎಲ್ಲವೂ ಒಟ್ಟಿಗೆ ಇರುತ್ತವೆ. ಅದನ್ನು ತಪ್ಪಿಸುವ ದಾರಿ ಇಲ್ಲ, ಇರಲೂಬಾರದು. ನರ್ಸಿಂಗ್ ಅಂತೂ ಮೊದಲ ಸೆಮಿಸ್ಟರಿನಿಂದಲೇ ಹಾಸಿಗೆ ಪಕ್ಕದ ಕೆಲಸ. ಡಯಾಲಿಸಿಸ್ ತಂತ್ರಜ್ಞರ ಎದುರು ನಾಲ್ಕು ಗಂಟೆ ಹೊತ್ತು ಟ್ಯೂಬಿನಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಲ್ಯಾಬಿನಲ್ಲಿ ರೋಗಿ ಎದುರಿಗಿಲ್ಲ, ಆದರೆ ಮಲ, ಮೂತ್ರ, ಕಫದ ಡಬ್ಬಿಗಳಿವೆ. ಕೆಲವರಿಗೆ ಇದೇ ಸುಲಭ, ಇನ್ನು ಕೆಲವರಿಗೆ ರೋಗಿಯ ಮುಖ ಕಾಣದಿದ್ದರೆ ಹೇಸಿಗೆ ಇನ್ನೂ ಹೆಚ್ಚು. ಫಿಸಿಯೋಥೆರಪಿ ಎಂದರೆ ಬರೀ ಕೈಕಾಲು ಆಡಿಸುವುದು ಎಂದುಕೊಂಡು ಸೇರಿದವರು ಐಸಿಯುನಲ್ಲಿ ಎದೆ ತಟ್ಟಿ ಕಫ ಹೊರಡಿಸಬೇಕಾದಾಗ ಬೆಚ್ಚಿಬೀಳುತ್ತಾರೆ.

ರಕ್ತ, ಹೇಸಿಗೆ ಕಡಿಮೆ ಇರುವ ಕಡೆಗಳೂ ಇವೆ. ಕಣ್ಣಿನ ದೃಷ್ಟಿ ಪರೀಕ್ಷಿಸುವ ಆಪ್ಟೋಮೆಟ್ರಿ, ಫಾರ್ಮಸಿ, ಕೃತಕ ಕೈಕಾಲು ತಯಾರಿಸುವ ಕೋರ್ಸು, ಪಥ್ಯಾಹಾರ, ವೈದ್ಯಕೀಯ ದಾಖಲೆಗಳ ನಿರ್ವಹಣೆ, ಆರೋಗ್ಯ ಅಂಕಿಅಂಶ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕಲಿಸುವ ಮನೋವೈದ್ಯಕೀಯ ಸಮಾಜಕಾರ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಮಾತು ಮತ್ತು ಕಿವಿಯ ತೊಂದರೆಗಳ ಬಗ್ಗೆ ಅಲ್ಲಿ ಕಲಿಯಬಹುದು. ಜೊಲ್ಲು, ಗುಗ್ಗೆ, ನುಂಗಲಾರದೆ ಕೆಮ್ಮುವ ರೋಗಿ ಅಲ್ಲೂ ಎದುರಾಗುತ್ತಾರೆ, ಅಷ್ಟೇ. ಇಂಥ ವೃತ್ತಿಗಳಲ್ಲಿ ಹಲವಕ್ಕೆ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಿಂದ ಒಂದು ಕಾನೂನಿನ ನೆಲೆ ಸಿಕ್ಕಿದೆ. ಇವು ಎರಡನೇ ದರ್ಜೆಯ ಕೆಲಸಗಳಲ್ಲ. ಮಾತು ಬಾರದ ಮಗುವಿನ ಬಾಯಿಂದ ಮೊದಲ ಬಾರಿ ಅಮ್ಮಾ ಎನ್ನಿಸಿದವರನ್ನು ಆ ಮನೆಯವರು ಡಾಕ್ಟರಿಗಿಂತ ಹೆಚ್ಚು ನೆನೆಯುತ್ತಾರೆ.

ಹಾಗಾದರೆ ಯಾರು ಬರಬಾರದು? ಆರು ತಿಂಗಳು ಪ್ರಯತ್ನಪಟ್ಟ ಮೇಲೂ ಊಟ ಸೇರದೆ, ನಿದ್ದೆ ಬಾರದೆ, ಬೆಳಿಗ್ಗೆ ಯೂನಿಫಾರಂ ಕಂಡರೆ ಅಳು ಬರುವ ಮಗು ಇದ್ದರೆ, ಆ ಮಗುವನ್ನು ವಾಪಸು ಕರೆದುಕೊಳ್ಳಿ. ಕಟ್ಟಿದ ಫೀಸಿನ ಲೆಕ್ಕ ಹೇಳಿ ಕೂರಿಸಬೇಡಿ. ಆದರೆ ನನ್ನ ಮಟ್ಟಿಗೆ, ಖಂಡಿತ ಬರಬಾರದವರು ಬೇರೆ. ತಮ್ಮ ಹೇಸಿಗೆಯನ್ನು ಸಿಟ್ಟು ಮಾಡಿಕೊಂಡು ರೋಗಿಯ ಮೇಲೆ ತೀರಿಸಿಕೊಳ್ಳುವವರು. ಹೆರಿಗೆ ನೋವಿನಲ್ಲಿರುವ ಹೆಂಗಸು ಮಂಚದ ಮೇಲೆ ಮಲ ವಿಸರ್ಜಿಸಿಕೊಂಡಳೆಂದು ಗದರುವವರು, ಹಾಸಿಗೆ ಒದ್ದೆ ಮಾಡಿದ ಮುದುಕರನ್ನು ಎಲ್ಲರೆದುರು ಬೈಯುವವರು. ಅವರಲ್ಲಿ ಹೆಚ್ಚಿನವರು ರಕ್ತ ಕಂಡು ಒಮ್ಮೆಯೂ ತಲೆ ಸುತ್ತಿ ಬಿದ್ದವರಲ್ಲ. ತಲೆ ಸುತ್ತಿ ಬಿದ್ದ ಹುಡುಗಿ ಎದ್ದು ಬಂದು, "ಅಜ್ಜಿ, ನೋವಾಯ್ತಾ?" ಎಂದು ಕೇಳಿದರೆ, ಅವಳನ್ನು ನಾನು ಇಟ್ಟುಕೊಳ್ಳುತ್ತೇನೆ.

ತಂದೆತಾಯಿಯರಲ್ಲಿ ನನ್ನದೊಂದು ಬೇಡಿಕೆ. ಆಪ್ಷನ್ ಎಂಟ್ರಿ ಮಾಡುವ ಮೊದಲು ನಿಮ್ಮ ಮಗಳನ್ನೋ ಮಗನನ್ನೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಆಡಳಿತ ವೈದ್ಯಾಧಿಕಾರಿಯನ್ನು ಕಂಡು, ಕಾರಣ ಹೇಳಿ ಅನುಮತಿ ಕೇಳಿ. ಹೊರರೋಗಿ ವಿಭಾಗದಲ್ಲಿ ಒಂದು ಹೊತ್ತು, ಡ್ರೆಸ್ಸಿಂಗ್ ಕೋಣೆಯಲ್ಲಿ ಒಂದು ಹೊತ್ತು ಇರಲಿ. ಅನುಮತಿ ಸಿಗದಿದ್ದರೆ, ನೆಂಟರಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ಒಂದು ರಾತ್ರಿ ಜೊತೆಗಿರಲು ಅವರನ್ನೇ ಕಳಿಸಿ. ಮರಳಿ ಬಂದ ಮೇಲೆ ಏನಾಯಿತೆಂದು ಕೇಳಿ, ನಡುವೆ ಮಾತಾಡದೆ ಪೂರ್ತಿ ಕೇಳಿಸಿಕೊಳ್ಳಿ. ಆಸ್ಪತ್ರೆಗಳಲ್ಲಿರುವ ನನ್ನ ಸಹೋದ್ಯೋಗಿಗಳೇ, ಹಾಗೆ ಬಂದು ಬಾಗಿಲಲ್ಲಿ ನಿಂತ ಮಕ್ಕಳನ್ನು ಗದರಿ ಕಳಿಸಬೇಡಿ, ಒಂದು ಸ್ಟೂಲು ಕೊಟ್ಟು ಒಳಗೆ ಕೂರಿಸಿ.